ಹಿತ್ತಲ ಬಾಗಿಲಿನ ಅಳಿಯ ಕೌನ್ಸಿಲಿಗೆ ನಿಂತದ್ದು

ಮಾಮಾ ಮುಂಬಯಿ ಕಾಯದೆ ಕೌನ್ಸಿಲಿಗೆ ಆರಿಸಿ ಬಂದ ವರ್ಷದ ದಿನಚರಿಯನ್ನು ಮೊನ್ನೆ ಪೆಟ್ಟಿಗೆಯಿಂದ ತೆಗೆದೆ. ಇಪ್ಪತ್ತರ ದಶಕದ ಮೊದಲರ್ಧ ಅದು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ಮುಂದೇನು ಎಂದು ತಿಳಿಯದೆ, ಬೆಳಗಾವಿಯಲ್ಲಿ ಮಾಮಾ ಅವರ ಮನೆಯಲ್ಲಿ ಊಟ ಮಾಡಿಕೊಂಡು ಅವರ ಕಾಗದಪತ್ರ ಬರೆದುಕೊಂಡು ಇದ್ದೆ. ಮತದಾನದ ದಿನ ನಾನು ಬರೆದಿಟ್ಟದ್ದು ಇಷ್ಟು: "ಖಾನಾಪುರ. ಬೆಳಿಗ್ಗೆ ಮಂಜು. ಕಚೇರಿಯಲ್ಲಿ ಕುರ್ಚಿ ಕೊಡಲಿಲ್ಲ, ಕೂಡಲು ಬಾಕು ಕೊಟ್ಟರು. ಚಹಾ ಮೂರು ಸಲ. ಮಾಸ್ತರರು ತಕರಾರು ತೆಗೆದರು, ನಡೆಯಲಿಲ್ಲ. ಅಜ್ಜಿ ಚೆನ್ನಾಗಿ ಹೇಳಿದರು."

ಏನು ಹೇಳಿದರು ಎಂಬುದು ಆ ದಿನದ ಪುಟದಲ್ಲಿಲ್ಲ. ಎಷ್ಟು ಸಲ ಚಹಾ ಕುಡಿದೆ ಎಂಬುದನ್ನು ಬರೆದವನಿಗೆ ಅದನ್ನು ಬರೆಯಲು ಏನು ಧಾಡಿಯಾಗಿತ್ತೋ! ಉಳಿದದ್ದೆಲ್ಲ ನೆನಪಿನಲ್ಲಿದೆ, ಆದರೆ ನನಗೆ ನನ್ನ ನೆನಪಿನ ಮೇಲೆ ಅಂಥ ವಿಶ್ವಾಸವಿಲ್ಲ. ಈ ಕತೆಯನ್ನು ಊಟದ ಪಂಕ್ತಿಗಳಲ್ಲಿ, ಲಗ್ನದ ಚಪ್ಪರಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಜನ ನಕ್ಕ ಜಾಗ ಸ್ವಲ್ಪ ದೊಡ್ಡದಾಗಿದೆ, ನಗದ ಜಾಗ ಉದುರಿಹೋಗಿದೆ. ಆದ್ದರಿಂದ ಇಲ್ಲಿ ಖಾತ್ರಿಯಿರುವುದನ್ನು ಖಾತ್ರಿ ಎಂದೂ, ಇಲ್ಲದ್ದನ್ನು ಇಲ್ಲವೆಂದೂ ಹೇಳುತ್ತ ಹೋಗುತ್ತೇನೆ. ಹೆಸರುಗಳನ್ನು ಮಾತ್ರ ಬರೆಯುವುದಿಲ್ಲ. ಈ ಕತೆಯಲ್ಲಿ ಹೆಸರು ಹೇಳುವುದು ಸಣ್ಣ ಕೆಲಸವಲ್ಲ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ರವಿವಾರ ಪೇಟೆಯಲ್ಲಿ ಅವರ ತಂದೆಗೆ ಅಕ್ಕಿ ಬೆಲ್ಲದ ಸಗಟು ಅಂಗಡಿ. ಬಸವಣ್ಣನವರ ದಾರಿಯಲ್ಲಿ ನಡೆದ ಮನೆ. ಕೆಲಸಕ್ಕೆ ಚಿಕ್ಕವರು ದೊಡ್ಡವರು ಎಂಬ ಭೇದವಿರಲಿಲ್ಲ. ಸಾಲೆಯಿಂದ ಬಂದೊಡನೆ ಮಾಮಾ ಚೀಲಗಳ ರಾಶಿಯ ಈಚೆ ನಿಂತು ಆಚೆಯ ಹಮಾಲರನ್ನು ಕೂಗಬೇಕಾಗುತ್ತಿತ್ತು. ಅವರಿಗೆ ಆ ದೊಡ್ಡ ದನಿ ಅಲ್ಲಿ ಬಂದದ್ದು. ವಕೀಲಿ ಓದಿ ಬಂದ ಮೇಲೆಯೂ ಅದೇ ಅಂಗಡಿಯ ಮಾಳಿಗೆಯ ಮೇಲೆ ಕಚೇರಿ ತೆರೆದರು. ಕೆಳಗೆ ಬೆಲ್ಲ, ಮೇಲೆ ಕಾಯದೆ. ಕಾಗದಗಳಿಗೆಲ್ಲ ಇರುವೆ ಹತ್ತುತ್ತಿತ್ತು. ಕೋರ್ಟಿನಲ್ಲಿ ಅವರ ಅರ್ಜಿಯನ್ನು ಬಿಡಿಸಿದಾಗ ಎರಡು ಇರುವೆಗಳು ಹೊರಬಂದು ಮೇಜಿನ ಮೇಲೆ ನಡೆದುಹೋದವಂತೆ. 'ಅಂತೆ' ಎಂದು ಬರೆಯುತ್ತಿದ್ದೇನೆ, ನಾನು ನೋಡಿಲ್ಲ.

ಖಾನಾಪುರದ ಕಡೆ ಅಡವಿಯಂಚಿನ ಹಳ್ಳಿಗಳವರು ದನ ಮೇಯಿಸುವ ಹಕ್ಕಿಗಾಗಿ ಹಾಕಿದ ಖಟ್ಲೆಗಳನ್ನು ಮಾಮಾ ಅನೇಕ ವರ್ಷ ನಡೆಸಿದ್ದರು. ಆ ರೈತರೇ ಒಂದು ದಿನ ರವಿವಾರ ಪೇಟೆಯ ಮಾಳಿಗೆ ಹತ್ತಿ ಬಂದು, "ಕೋರ್ಟಿನ್ಯಾಗ ಎಷ್ಟಂತ ಒದರ್ತೀರಿ ವಕೀಲ್ರ, ಕಾಯದೆ ಮಾಡೂ ಮನಿಗೇ ಹೋಗಿ ಒದರ್ರಲ್ಲ" ಎಂದರು. ಹಾಗೆ ಅವರು ಕೌನ್ಸಿಲಿಗೆ ನಿಂತರು. ಎದುರಿಗೆ ನಿಂತವರು ಒಬ್ಬ ಇನಾಮದಾರರು. ಒಳ್ಳೆಯ ಮನುಷ್ಯ, ಒಳ್ಳೆಯ ಕುದುರೆ. ಇಬ್ಬರಿಗೂ ಸಂಬಂಧವಿಲ್ಲ, ಆದರೆ ಮನೆತನದ ಅಡ್ಡಹೆಸರು ಒಂದೇ. ನಮ್ಮ ಸೀಮೆಯಲ್ಲಿ ಅದೇನೂ ಆಶ್ಚರ್ಯವಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ಬಾಗಿಲಿನ ವಿಷಯ.

ಮಾಮಿ ಖಾನಾಪುರದವರು, ಒಬ್ಬಳೇ ಮಗಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾವನದೂ ಇಲ್ಲ, ಭಾವನದೂ ಇಲ್ಲ. ಹೇಳಲೇಬೇಕಾದಾಗ ನಾಲ್ಕು ಸಾಲು ಪ್ರಾಸ ಕಟ್ಟಿ, ಅದರ ತುದಿಗೆ ಹೆಸರನ್ನು ಸಿಕ್ಕಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಮರಾಠಿ ಮನೆಗಳಲ್ಲಿ ಅದೇ ಉಖಾಣೆ. ಲಗ್ನವಾಗಿ ಗಂಡು ಹೆಣ್ಣು ಮನೆಯೊಳಗೆ ಬರುವಾಗ ಹೊಸ್ತಿಲಲ್ಲಿ ಹೆಣ್ಣಿನ ಕಡೆಯವರು ಅಡ್ಡ ಕೂಡುತ್ತಾರೆ. ಅವಳು ಅವನ ಹೆಸರು ಹೇಳಬೇಕು, ಅವನು ಅವಳ ಹೆಸರು ಹೇಳಬೇಕು. ಆಮೇಲೆಯೇ ಒಳಗೆ.

ತಮ್ಮ ಲಗ್ನದ ದಿನ ಮಾಮಿ ಹೆಸರು ಹೇಳಿದರು. ಹತ್ತೊಂಬತ್ತು ವರ್ಷದ, ಕಾಲೇಜಿಗೆ ಹೋಗುತ್ತಿದ್ದ ಮಾಮಾ, "ಇಂಥಾ ಹುಡುಗಾಟ ನಾ ಮಾಡಂಗಿಲ್ಲ" ಎಂದು ಹೊರಳಿ, ಓಣಿ ಸುತ್ತಿ, ದನದ ಕೊಟ್ಟಿಗೆ ದಾಟಿ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬಂದುಬಿಟ್ಟರು. ಮಾವ ಸಿಟ್ಟಾಗಲಿಲ್ಲ. "ಮುಂಬಾಗಿಲ ತೆರದ ಇರ್ತೈತಿ ಅಳಿಯಂದಿರ. ಹೆಸರು ಹೇಳೂ ದಿನಾ ಬರ್ರಿ" ಎಂದರು. ಇಬ್ಬರೂ ಹಟಮಾರಿಗಳು. ಮಾವ ತೀರಿಕೊಂಡರೂ ಪಂಥ ತೀರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಮಾಮಾ ಖಾನಾಪುರದ ಆ ಮನೆಗೆ ಕೊಟ್ಟಿಗೆಯ ದಾರಿಯಿಂದಲೇ ಹೋಗಿ ಬಂದು ಮಾಡಿದರು. ಊರವರು ಅವರಿಗೆ ಹಿತ್ತಲ ಬಾಗಿಲಿನ ಅಳಿಯ ಎಂದು ಹೆಸರಿಟ್ಟಿದ್ದರು. ಚುನಾವಣೆಯಲ್ಲಿ ಇನಾಮದಾರರ ಕಡೆಯವರು ಇದನ್ನು ಬಿಡುತ್ತಾರೆಯೇ? "ಮಾವನ ಮನಿಗೇ ಹಿತ್ತಲದಿಂದ ಹೋಗಾಂವ, ಮುಂಬೈಗೆ ಯಾವ ಸಂದಿಯಿಂದ ಹೊಕ್ಕಾನು?" ಎಂದು ಸಂತೆಯಲ್ಲಿ ಕೂಗುತ್ತಿದ್ದರು.

ಮತದಾರರ ಯಾದಿ ನನ್ನ ಕೈಯಲ್ಲಿತ್ತು. ಆಗ ಎಲ್ಲರಿಗೂ ಮತವಿರಲಿಲ್ಲ. ಸರ್ಕಾರ ಗೊತ್ತುಪಡಿಸಿದಷ್ಟು ಭೂಕಂದಾಯ, ನಮ್ಮ ಕಡೆಯ ಮಾತಿನಲ್ಲಿ ಸಾರಾ, ಕೊಡುವವರಿಗೆ ಮಾತ್ರ. ಹೆಂಗಸರಿಗೂ ಆ ಹಕ್ಕು ಹೊಸದಾಗಿ ಬಂದಿತ್ತು. ನಾನು ಯಾದಿಯ ಮೇಲೆ ಪೆನ್ಸಿಲ್ ಆಡಿಸಿ ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು: ಬೆಳಗಾವಿಯ ಸುತ್ತಿನ ಮತಗಳು ಇಬ್ಬರಿಗೂ ಸರಿಸಮನಾಗಿ ಹಂಚಿಹೋಗುತ್ತವೆ, ಖಾನಾಪುರ ಕೈಬಿಟ್ಟರೆ ಮಾಮಾ ಸೋಲುತ್ತಾರೆ. ಖಾನಾಪುರದ ಯಾದಿಯಲ್ಲಿ ಹದಿನಾಲ್ಕು ಹೆಂಗಸರಿದ್ದರು. ಹೆಚ್ಚಿನವರು ಗಂಡನ ಹೊಲ ತಮ್ಮ ಹೆಸರಿಗೆ ಬಂದ ವಿಧವೆಯರು. ಮಾಮಿಯ ತಾಯಿ, ಅಂದರೆ ನಾನು ಅಜ್ಜಿ ಎಂದು ಕರೆಯುತ್ತಿದ್ದವರು, ಅವರಲ್ಲಿ ಒಬ್ಬರು. ತಂದೆ ಲಗ್ನದಲ್ಲಿ ಬರೆದುಕೊಟ್ಟ ಗದ್ದೆಯಿಂದಾಗಿ ಮಾಮಿಯೂ ಅವರಲ್ಲಿ ಒಬ್ಬರು.

"ಹೆಣ್ಣುಮಕ್ಕಳು ಕಚೇರಿಗೆ ಬರೂದಿಲ್ಲೋ. ಆ ಹದಿನಾಲ್ಕು ಬಿಟ್ಟು ಲೆಕ್ಕಾ ಹಾಕು" ಎಂದರು ಮಾಮಾ.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಾಮಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಸಾರಾ ತುಂಬಾಕ ಚಾವಡಿಗೆ ಬರ್ತಾರ, ಓಟು ಹಾಕಾಕ ಬರೂದಿಲ್ಲೇನು?"

"ನೀ ಕರಕೊಂಡು ಬರ್ತಿಯೇನು?"

"ಹದಿನಾಲ್ಕೂ ಮಂದೀನ ಕರಕೊಂಡು ಬರ್ತೀನಿ. ಆದ್ರ ಒಂದು ಮಾತು ಕೊಡ್ರಿ. ಆರಿಸಿ ಬಂದ್ರ ನಮ್ಮಪ್ಪನ ಮನಿಗೆ ಮುಂಬಾಗಿಲದಿಂದ ಬರಬೇಕು."

ಮಾಮಾ ಚಸ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು. "ಇದಕ್ಕಿಂತ ಸೋಲೂದ ಹಗರ ಇತ್ತಲ್ಲೋ" ಎಂದು ನನ್ನ ಕಡೆ ನೋಡಿ ಅಂದರು. ಆಮೇಲೆ ಮಾಮಿಯ ಕಡೆ ತಿರುಗಿ, "ಆತು" ಎಂದರು.

ಇದು ನಡೆದದ್ದು ಖಾತ್ರಿ. ದಿನಚರಿಯಲ್ಲಿ "ಮಾಮಾ ಮಾತು ಕೊಟ್ಟರು" ಎಂದಿದೆ.

ಒಂದು ತಿಂಗಳು ನಾವು ತಿರುಗಿದ್ದೇ ತಿರುಗಿದ್ದು. ಪೀರನವಾಡಿಯಿಂದ ಹಿಡಿದು ಖಾನಾಪುರದ ದಾರಿಯ ಹಳ್ಳಿಗಳು, ಈಚೆ ಸಾಂಬ್ರಾದ ಕಡೆಯ ಊರುಗಳು. ಎತ್ತಿನ ಗಾಡಿ, ರೈಲು, ಕೆಲವು ಸಲ ಬರಿಗಾಲು. ಮಾಮಾ ಕಾಯದೆಯ ವಿಷಯ ಭಾಷಣ ಮಾಡುತ್ತಿದ್ದರು, ನಾನು ಮತ ಹಾಕುವ ರೀತಿ ಹೇಳಿಕೊಡುತ್ತಿದ್ದೆ. ಓದು ಬರಹ ಬಾರದವರು ಅಧಿಕಾರಿಯ ಮುಂದೆ ನಿಂತು ಉಮೇದವಾರನ ಹೆಸರು ಹೇಳಬೇಕು, ಅಧಿಕಾರಿ ಆ ಹೆಸರಿನ ಮುಂದೆ ಗುರುತು ಮಾಡುತ್ತಾನೆ. ಅಧಿಕಾರಿ ತಾನಾಗಿ ಹೆಸರು ಓದಿ ಹೇಳುವಂತಿಲ್ಲ, ಬೆರಳು ತೋರಿಸಿದರೆ ನಡೆಯುವುದಿಲ್ಲ. ಅಡ್ಡಹೆಸರು ಇಬ್ಬರದೂ ಒಂದೇ ಆದ್ದರಿಂದ ಅದನ್ನಷ್ಟೇ ಹೇಳಿದರೆ ಮತ ಕೆಟ್ಟಿತು. ಹೀಗಾಗಿ ಊರೂರಿಗೂ ನನ್ನ ಪಾಠ ಒಂದೇ: "ಸ್ವಂತ ಹೆಸರು ನೆನಪಿಡ್ರಿ. ಸ್ವಂತ ಹೆಸರು ಹೇಳ್ರಿ." ಕರಪತ್ರದಲ್ಲಿಯೂ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವನ ಕೆಲಸ. ಎಲ್ಲಿಯೂ ಸಂದು ಕಾಣಲಿಲ್ಲ.

ಮತದಾನಕ್ಕೆ ಮೂರು ದಿನ ಮೊದಲು ಖಾನಾಪುರದಲ್ಲಿ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಹೆಂಗಸರನ್ನು ಕೂಡಿಸಿದೆವು. ಭತ್ತದ ಕೊಯ್ಲಿನ ಹೊತ್ತು, ಆದರೂ ಹದಿನಾಲ್ಕೂ ಜನ ಬಂದಿದ್ದರು; ಮಾಮಿ ಮನೆ ಮನೆಗೆ ಹೋಗಿ ಕರೆದಿದ್ದರು. ಒಂದಿಷ್ಟು ಕನ್ನಡ, ಒಂದಿಷ್ಟು ಮರಾಠಿ, ಒಂದೇ ವಾಕ್ಯದಲ್ಲಿ ಎರಡೂ. ನಾನು ಕೊಳಗ ಬೋರಲು ಹಾಕಿ ಅದರ ಮೇಲೆ ಅಧಿಕಾರಿಯಂತೆ ಕುಳಿತೆ.

"ಬರ್ರಿ, ನೀವು ಮೊದಲ. ಹೇಳ್ರಿ, ಯಾರಿಗೆ ನಿಮ್ಮ ಓಟು?"

ಮೊದಲನೆಯವರು ಸೆರಗು ಸರಿಮಾಡಿಕೊಂಡು ನನ್ನ ಮುಂದೆ ನಿಂತರು. ನಿಂತೇ ಇದ್ದರು.

"ನೆನಪಾಗವಲ್ದೇನು?"

"ನೆನಪಿಗೇನಾಗೈತಿ? ನೀವು ಬಂದು ಬಂದು ತಲಿ ತಿಂದೀರಲ್ಲ."

"ಮತ್ತ ಹೇಳ್ರಿ."

"ಅದೆಂಗ ಹೇಳೂದು? ನಮ್ಮ ಮಾವನೋರ ಹೆಸರದು."

ಎರಡನೆಯವರಿಗೆ ಅದು ಭಾವನ ಹೆಸರು. ಮೂರನೆಯವರಿಗೆ ಗಂಡನದು. ನಾಲ್ಕನೆಯವರು ಬಾಯಿಗೆ ಸೆರಗು ಮುಚ್ಚಿಕೊಂಡು ನಗಹತ್ತಿದರು. ಆಗ ನನಗೆ ಬೆಳಕು ಬಿತ್ತು. ಮಾಮಾ ಅವರದು ಸಂತೆಯಲ್ಲಿ ನಿಂತು ಕೂಗಿದರೆ ಹತ್ತು ಜನ ಹೊರಳಿ ನೋಡುವಂಥ ಹೆಸರು. ದೇವರ ಹೆಸರು, ಮನೆಗೊಬ್ಬರಿಗಾದರೂ ಇಟ್ಟೇ ಇಡುವ ಹೆಸರು. ಹದಿನಾಲ್ಕರಲ್ಲಿ ಒಂಬತ್ತು ಜನಕ್ಕೆ ಅದು ಹೇಳಬಾರದ ಹೆಸರಾಗಿತ್ತು. ಅಜ್ಜಿಗೂ ಕೂಡ, ತೀರಿಕೊಂಡ ಅವರ ಗಂಡನ, ಅಂದರೆ ಮಾಮಾ ಅವರ ಮಾವನ, ಹೆಸರೂ ಅದೇ. ಮಾಮಿಗಂತೂ ಕೇಳುವುದೇ ಬೇಡ. ಲಗ್ನಕ್ಕೆ ಮೊದಲು ಊರೆಲ್ಲ ಕೇಳುವಂತೆ ಅಪ್ಪನ ಹೆಸರು ಹೇಳುತ್ತಿದ್ದವರು, ಗಂಡನ ಹೆಸರೂ ಅದೇ ಆದದ್ದರಿಂದ ಲಗ್ನದ ಮರುದಿನದಿಂದ ಅದನ್ನೂ ಬಿಟ್ಟಿದ್ದರು.

ಒಂದು ತಿಂಗಳು ನಾನು ಕಲಿಸಿದ್ದು, ಅವರು ಜೀವಮಾನವಿಡೀ ಮಾಡದೆ ಬಿಟ್ಟ ಒಂದೇ ಒಂದು ಕೆಲಸವನ್ನು ಮಾಡಿರಿ ಎಂದು. ಅಂಥದೇ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ನನ್ನ ತಾಯಿ ನನ್ನ ತಂದೆಯ ಹೆಸರು ಹೇಳಿದ್ದನ್ನು ಒಂದು ದಿನವೂ ಕೇಳಿರಲಿಲ್ಲ. ಆದರೂ ಹೊಳೆಯಲಿಲ್ಲ.

"ಅಯ್ಯ, ಮಾರಿ ಯಾಕ ಇಷ್ಟ ಸಣ್ಣದ ಮಾಡ್ತೀ?" ಎಂದರು ಮಾಮಿ. "ಒಡಪಿನ್ಯಾಗ ಹೇಳಿದ್ರ ಆತು."

ಹೆಂಗಸರ ನಡುವೆ ಹೌದು ಹೌದು ಎಂದು ಗುಜುಗುಜು ಎದ್ದಿತು. ಅಜ್ಜಿ ಮಾತ್ರ ಗೋಡೆಗೆ ಆತು ಕುಳಿತವರು ಏಳಲಿಲ್ಲ. "ನೀವು ಹೇಳ್ರೆವ್ವ, ಕುಂಕುಮ ಇದ್ದಾಕಿಗಳು. ನಮ್ಮನ್ನ ಯಾರು ಒಡಪು ಕೇಳ್ತಾರ? ಕೇಳೂದು ಬಿಟ್ಟು ಹದಿನೆಂಟು ವರ್ಷಾತು."

ಇದೂ ನನಗೆ ತಿಳಿದಿರಲಿಲ್ಲ. ಗಂಡ ಸತ್ತ ಮೇಲೆ ಯಾವ ಶುಭಕಾರ್ಯದಲ್ಲಿಯೂ ಅವಳನ್ನು ಯಾರೂ ಹೆಸರು ಹೇಳು ಎಂದು ಕೇಳುವುದಿಲ್ಲ. ಆ ಹೆಸರು ಅಲ್ಲಿಗೆ ನಿಂತುಹೋಗುತ್ತದೆ. ಯಾದಿಯಲ್ಲಿ ಇಂಥವರೇ ಹೆಚ್ಚು. ಅಜ್ಜಿ ಹೋಗದಿದ್ದರೆ ಅವರಾರೂ ಕದಲುವುದಿಲ್ಲ.

ಮಾಮಿ ನನ್ನ ಕೈಯಿಂದ ಯಾದಿ ಕಸಿದುಕೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ, ಹಿಡಿದದ್ದೂ ತಲೆಕೆಳಗಾಗಿ. ಆದರೂ ಅದನ್ನು ತಾಯಿಯ ಮುಂದೆ ಹರಡಿ ಬೆರಳಿಂದ ತಟ್ಟಿದರು. "ಸರ್ಕಾರದ ಯಾದಿ ಇದು. ಇದರಾಗ ಹೆಸರು ಐತಿ, ಹೊಲಾ ಐತಿ, ಸಾರಾ ಐತಿ. ಕುಂಕುಮ ಬರಿಯೂ ಮನಿ ಎಲ್ಲೈತಿ ತೋರ್ಸು ನೋಡೂಣು."

ಅಜ್ಜಿ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಹಳೇದ ಮರತಿರಬೇಕು" ಎಂದರು.

"ಹೊಸಾದು ಕಟ್ಟು."

"ಯಾಕ, ಹಳೇದಕ್ಕ ಏನಾಗೈತಿ?" ಎಂದು ಅಜ್ಜಿ ಸಿಟ್ಟಾದರು. ಅಲ್ಲಿಗೆ ಗೆದ್ದಂತಾಯಿತು.

ಮತದಾನದ ದಿನ ಬೆಳಿಗ್ಗೆ ಖಾನಾಪುರದ ಮೇಲೆ ಹೊಳೆಯ ಮಂಜು ಕುಳಿತಿತ್ತು. ಮಾಮಲೇದಾರ ಕಚೇರಿಯಲ್ಲಿ ಮೇಜು, ಪೆಟ್ಟಿಗೆ, ಹೊರಗಿನಿಂದ ಬಂದ ಒಬ್ಬ ಗಂಭೀರ ಅಧಿಕಾರಿ. ಮಾಮಾ ಪರವಾಗಿ ಬಾಕಿನ ಈ ತುದಿಗೆ ನಾನು, ಇನಾಮದಾರರ ಪರವಾಗಿ ಆ ತುದಿಗೆ ಮಾಸ್ತರರು. ಈ ಮಾಸ್ತರರು ಬೆಳಗಾವಿಯ ಸಾಲೆಯಲ್ಲಿ ನನಗೆ ಅಂಕಗಣಿತ ಕಲಿಸಿ, ನಿವೃತ್ತರಾಗಿ ಖಾನಾಪುರದಲ್ಲಿ ನೆಲೆಸಿದವರು. ನಶ್ಯ ಏರಿಸಿ, "ಏನಲೇ ಪದವೀಧರ, ಇನ್ನೂ ಭಾಗಾಕಾರದಾಗ ತಪ್ಪತೀಯೇನು?" ಎಂದು ಅಧಿಕಾರಿಯ ಮುಂದೆಯೇ ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಬಂದರು. ಹದಿನಾಲ್ಕು ಜನ ಸಾಲಾಗಿ, ತೊಳೆದ ಸೀರೆಯಲ್ಲಿ. ಮುಂದೆ ಅಜ್ಜಿ, ಹಿಂದೆ ಕೊನೆಗೆ ಮಾಮಿ, ಯಾರೂ ತಪ್ಪಿಸಿಕೊಂಡು ಹೋಗದ ಹಾಗೆ. ಹೊರಗೆ ಬೀಡಿ ಸೇದುತ್ತ ನಿಂತ ಗಂಡಸರು ತಾವಾಗಿಯೇ ದಾರಿ ಬಿಟ್ಟರು.

"ಹೆಸರು ಹೇಳಬೇಕು" ಎಂದರು ಅಧಿಕಾರಿ.

"ನನ್ನದೋ, ಅವರದೋ?" ಎಂದರು ಅಜ್ಜಿ.

"ನೀವು ಮತ ಕೊಡೂ ಉಮೇದವಾರರದು."

ಅಜ್ಜಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ತಲೆಯ ಮೇಲಿನ ಸೆರಗು ಸ್ವಲ್ಪ ಹಿಂದೆ ಸರಿಯಿತು. ಅವರು ಸರಿಮಾಡಿಕೊಳ್ಳಲಿಲ್ಲ.

"ಗದ್ದಿ ಬದುವಿನ ಮ್ಯಾಲ ಬೆಳದೈತಿ ಗರಿಕಿ,
ಗುಡ್ಡದ ವಾರಿಗೆ ಇಳದಾವ ಕುರಿ.
ಮಳಿ ಬಂದಾಗ ಕಂಬಳಿ ನನಗ ಹೊಚ್ಚಿ
ತಾವು ತೊಯ್ಸಿಕೊಂಡು ನಕ್ಕವರು —— ರೀ."

ಗೆರೆ ಎಳೆದಲ್ಲಿ ಹೆಸರಿತ್ತು. ಈ ನಾಲ್ಕು ಸಾಲು ಖಾತ್ರಿ. ಮುಂದೊಮ್ಮೆ ಅವರಿಂದಲೇ ಕೇಳಿ ದಿನಚರಿಯ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡೆ. ಖಾತ್ರಿಯಿಲ್ಲದ್ದು ಅವರ ದನಿ. ಅದು ಹುಡುಗಿಯ ದನಿಯಂತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಎಪ್ಪತ್ತರ ಹೆಂಗಸಿಗೆ ಅಂಥ ದನಿ ಎಲ್ಲಿಂದ ಬರಬೇಕು? ನಾನೇ ಸೇರಿಸಿರಬಹುದು.

ಮಾಸ್ತರರು ಎದ್ದು ನಿಂತರು. "ಸಾಹೇಬ್ರ, ನನ್ನ ತಕರಾರು ಬರಕೋರಿ. ಮತಗಟ್ಟ್ಯಾಗ ಪ್ರಚಾರ ಮಾಡಬಾರದು ಅಂತ ಕಾಯದೆ ಐತಿ. ಈಕಿ ಉಮೇದವಾರನ್ನ ಹೊಗಳಾಕ ಹತ್ಯಾಳ. ಕಂಬಳಿ ಕೊಟ್ಟಾರಂತ, ತೊಯ್ಸಿಕೊಂಡಾರಂತ!"

ಅಧಿಕಾರಿ ಲೆಕ್ಕಣಿಕೆ ಕೆಳಗಿಟ್ಟರು. "ಕಂಬಳಿ ಯಾರು ಕೊಟ್ಟಿದ್ರವ್ವ?"

"ನಮ್ಮ ಮನ್ಯಾನವರು. ಇನ್ಯಾರು ಕೊಡ್ತಾರ?"

"ಈಗ ಎಲ್ಲಿ ಅದಾರು?"

"ತೀರಿಕೊಂಡು ಹದಿನೆಂಟು ವರ್ಷಾತ್ರಿ."

"ಮಾಸ್ತರ್ರ," ಎಂದರು ಅಧಿಕಾರಿ, "ಈಕಿ ಹೊಗಳಿದ್ದು ತನ್ನ ಗಂಡನ್ನ. ಅವರು ಕೌನ್ಸಿಲ್ಲಿಗೆ ನಿಂತಿಲ್ಲ. ಪ್ರಚಾರ ಹೆಂಗಾತು?"

ಮಾಸ್ತರರು ಅಷ್ಟಕ್ಕೆ ಬಿಡುವವರಲ್ಲ. "ಹಂಗಾದ್ರ ಓಟೂ ಆಕಿ ಗಂಡಗ ಹೋತು! ಸತ್ತವರಿಗೆ ಕೊಟ್ಟ ಓಟು ರದ್ದು ಮಾಡ್ರಿ."

ಹಿಂದೆ ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಹತ್ತಿದ್ದರು. ಇದೊಂದು ರದ್ದಾದರೆ ಉಳಿದವರು ಬಾಯಿ ತೆರೆಯುವುದಿಲ್ಲ. ಅಧಿಕಾರಿ ಕುಳಿತಲ್ಲಿಯೇ ಮೇಲೆ ನೋಡಿದರು. ಗೋಡೆಯ ಮೇಲೆ ಹಲ್ಲಿ ಇತ್ತು. ಆಮೇಲೆ ಹೇಳಿದರು: "ಕಾಯದೆ ಹೆಸರು ಹೇಳಬೇಕಂತ ಹೇಳತೈತಿ, ಹೆಂಗ ಹೇಳಬೇಕಂತ ಹೇಳೂದಿಲ್ಲ. ಆ ಹೆಸರಿನ ಉಮೇದವಾರರು ನನ್ನ ಯಾದ್ಯಾಗ ಒಬ್ಬರೇ ಅದಾರು. ಬೇಕಾದ್ರ ನಿಮ್ಮ ಮನಿಯೊಳಗ ಕೇಳಿ ನೋಡ್ರಿ ಮಾಸ್ತರ್ರ, ನಿಮ್ಮ ಹೆಸರು ಒಡಪಿಲ್ಲದ ಹೇಳ್ತಾರೋ ಏನೋ."

"ನನ್ನ ಹೆಸರು ಒಡಪಿನ್ಯಾಗೂ ಹೇಳೂದು ಬಿಟ್ಟಾಳ್ರಿ" ಎಂದು ಮಾಸ್ತರರು ಕುಳಿತುಬಿಟ್ಟರು. ಅಧಿಕಾರಿಯೂ ನಕ್ಕರು. ಗುರುತು ಬಿತ್ತು, ಚೀಟಿ ಪೆಟ್ಟಿಗೆಗೆ ಬಿತ್ತು.

ಆಮೇಲೆ ಸಾಲು ಸಾಗಿತು. ಗದ್ದೆ, ಹೊಳೆ, ಅಬ್ಬಲಿಗೆ ಹೂವು, ಬೆಳ್ಳಿಯ ಕಡಗ. ಕನ್ನಡದಲ್ಲಿ ಕೆಲವು, ಮರಾಠಿಯಲ್ಲಿ ಕೆಲವು. ವಿಧವೆಯರಲ್ಲಿ ಒಬ್ಬರೂ ಹೊಸದನ್ನು ಕಟ್ಟಿಕೊಂಡು ಬಂದಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಲಗ್ನದ ಹಳೆಯ ಒಡಪುಗಳನ್ನೇ ತಂದಿದ್ದರು; ಗಂಡನ ಹೆಸರು ಬೇರೆಯಿದ್ದವರು ತುದಿಯ ಹೆಸರನ್ನಷ್ಟೇ ಬದಲಿಸಿದ್ದರು. ಹೊರಗೆ ಮೆಟ್ಟಿಲ ಮೇಲೆ ಗಂಡಸರು ಬೀಡಿ ಆರಿಸಿ ಕೇಳುತ್ತಿದ್ದರು.

ಕೊನೆಗೆ ಮಾಮಿ ಬಂದರು. ಇಲ್ಲಿ ನಾನು ನಾಚಿಕೆಪಡಬೇಕಾದ ಮಾತೊಂದಿದೆ. ಅವರು ಮೇಜಿನ ಮುಂದೆ ನಿಂತ ಹೊತ್ತಿಗೆ ಮಾಸ್ತರರು ರಾಜಿಯ ಗುರುತಾಗಿ ನಶ್ಯದ ಡಬ್ಬಿ ನನ್ನ ಮುಂದೆ ಹಿಡಿದರು. ಸೌಜನ್ಯಕ್ಕೆ ಒಂದು ಚಿಟಿಕೆ ಏರಿಸಿದೆ. ಸೀನು ಹತ್ತಿತು, ಒಂದಲ್ಲ, ಎರಡಲ್ಲ. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಮಾಮಿಯ ಚೀಟಿ ಪೆಟ್ಟಿಗೆಯಲ್ಲಿತ್ತು. ಅವರು ಬೆಲ್ಲದ ಅಂಗಡಿಯನ್ನೂ ಇರುವೆಗಳನ್ನೂ ಸೇರಿಸಿ ಬಹಳ ಚಂದದ ಒಡಪು ಹೇಳಿದರೆಂದು ನಾನು ಹಲವು ವರ್ಷ ಎಲ್ಲರಿಗೂ ಹೇಳಿದ್ದೇನೆ. ಆಮೇಲೆ ನೆನಪಾಯಿತು, ಅದು ನನ್ನ ಮಗಳ ಲಗ್ನಕ್ಕೆ ನಾನೇ ಕಟ್ಟಿಕೊಟ್ಟದ್ದು.

ಎಣಿಕೆ ಬೆಳಗಾವಿಯಲ್ಲಿ ನಡೆಯಿತು. ಮಾಮಾ ಗೆದ್ದರು. ಅಂತರ ಸಣ್ಣದಿತ್ತು ಎಂಬುದು ಗೊತ್ತು, ಎಷ್ಟು ಎಂದು ನಾನು ಬರೆದುಕೊಂಡಿಲ್ಲ. ಖಾನಾಪುರದ ಹೆಂಗಸರೇ ಗೆಲ್ಲಿಸಿದರು ಎಂದು ಮನೆಯವರ ನಂಬಿಕೆ, ಇರಬಹುದು, ಇಲ್ಲದಿರಬಹುದು. ರವಿವಾರ ಪೇಟೆಯಲ್ಲಿ ಹಮಾಲರು ಮಾಮಾ ಅವರನ್ನು ಬೆಲ್ಲದ ತಕ್ಕಡಿಯಲ್ಲಿ ಕೂಡಿಸಿ ಹಾರ ಹಾಕಿದರು. ಇಳಿಯುತ್ತಲೇ ನನ್ನ ಕಿವಿಯಲ್ಲಿ, "ಆ ಹದಿನಾಲ್ಕು ಇಲ್ಲದನೂ ಗೆಲ್ಲತಿದ್ನೇನೋ?" ಎಂದು ಕೇಳಿದರು.

"ಗೊತ್ತಿಲ್ರಿ ಮಾಮಾ. ಮತ್ತೊಮ್ಮೆ ಲೆಕ್ಕ ಹಾಕಲೇನು?"

ಅವರು ಕೊರಳ ಹಾರ ತೆಗೆದು ನನ್ನ ಕೈಗೆ ಕೊಟ್ಟರು. "ಬ್ಯಾಡ. ಮಾತು ಕೊಟ್ಟೀನಿ. ರೈಲಿನ ಹೊತ್ತು ನೋಡು."

ಖಾನಾಪುರದ ಸ್ಟೇಷನ್ನಿನಿಂದ ಮನೆಯವರೆಗೆ ವಾದ್ಯದವರು ಬಂದರು. ಆ ಮೆರವಣಿಗೆಯಲ್ಲಿ ಇನಾಮದಾರರ ಕಡೆಯವರೂ ಇದ್ದರು. ಸೋತ ದುಃಖಕ್ಕಿಂತ ಈ ಮೋಜು ನೋಡುವ ಆಸೆ ದೊಡ್ಡದಿತ್ತು. ಮಾಸ್ತರರು ಎಲ್ಲರಿಗಿಂತ ಮುಂದೆ. ಮನೆಯ ಓಣಿ ಬಂದಾಗ ಮಾಮಾ ಅವರ ಕಾಲು ಇಪ್ಪತ್ತು ವರ್ಷದ ರೂಢಿಯಂತೆ ತಾನಾಗಿ ಕೊಟ್ಟಿಗೆಯ ಕಡೆ ಹೊರಳಿತು. "ಹೋ! ಹೋ! ಅತ್ತಾಗಲ್ರಿ, ಇತ್ತಾಗ!" ಎಂದು ನೂರು ಬಾಯಿ ಕೂಗಿದವು.

ಮುಂಬಾಗಿಲಿನ ಹೊಸ್ತಿಲ ಮೇಲೆ ಅಜ್ಜಿ ಅಡ್ಡ ಕುಳಿತಿದ್ದರು. ಅವರ ಹಿಂದೆ ಉಳಿದ ಹೆಂಗಸರು. ಎಲ್ಲರ ಹಿಂದೆ ಕಂಬ ಹಿಡಿದುಕೊಂಡು ಮಾಮಿ.

"ಹೆಸರು ಹೇಳ್ರಿ, ಒಳಗ ಬರ್ರಿ."

ಮಾಮಾ ಗಂಟಲು ಸರಿಮಾಡಿಕೊಂಡರು. "ಖಾನಾಪುರದ ಮಹಾಜನರೇ, ನೀವು ನನ್ನ ಮೇಲೆ ಇಟ್ಟ ವಿಶ್ವಾಸ—"

"ಅದನ್ನ ಮುಂಬೈದಾಗ ಮಾಡ್ರಿ" ಎಂದರು ಅಜ್ಜಿ. "ಇಲ್ಲಿ ಹೆಸರು."

"ಮಲಪ್ರಭಾ ಹೊಳಿಯಾಗ ಹರದೈತಿ ನೀರು..." ಎಂದು ಮಾಮಾ ಶುರುಮಾಡಿದರು. ಅಷ್ಟಕ್ಕೇ ನಿಂತರು.

"ಹ್ಞೂಂ, ನೀರು ಹರೀತು" ಎಂದರು ಮಾಸ್ತರರು. "ಮುಂದ?"

"ಬೇರು ಅನ್ರಿ!" "ತೇರು ಅನ್ರಿ!" "ನೀರಿಗೆ ಮೊಸರು ಕೂಡೂದಿಲ್ಲೇನ್ರಿ?" ಎಂದು ನಾಲ್ಕೂ ಕಡೆಯಿಂದ ಸಲಹೆಗಳು ಬಂದವು. ಎರಡು ಗಂಟೆ ನಿಲ್ಲದೆ ವಾದ ಮಾಡುವವರು, ಸಾಂಬ್ರಾದ ಬಯಲಿನಲ್ಲಿ ಗಾಳಿಗೆ ಎದುರಾಗಿ ಭಾಷಣ ಮಾಡಿದವರು, ಹೊಸ್ತಿಲ ಮುಂದೆ ಬೆವರಿದರು. ಅವರು ಹೆಂಗಸರ ತಲೆಗಳ ಮೇಲಿಂದ ಕಂಬದ ಕಡೆ ನೋಡಿದರು. ಮಾಮಿ ನೆಲ ನೋಡುತ್ತಿರಲಿಲ್ಲ, ನೇರವಾಗಿ ಅವರನ್ನೇ ನೋಡುತ್ತಿದ್ದರು.

ಆಮೇಲೆ ಮಾಮಾ ಹೇಳಿದರು.

ಏನು ಹೇಳಿದರು? ದಿನಚರಿಯಲ್ಲಿ ಇರುವುದು: "ಮಾಮಾ ಹೇಳಿದರು. ಎಲ್ಲರೂ ಚಪ್ಪಾಳೆ." ನನ್ನ ನೆನಪಿನಲ್ಲಿ ಅವರು ಪ್ರಾಸವಿಲ್ಲದೆ, ಆ ದೊಡ್ಡ ದನಿಯೂ ಇಲ್ಲದೆ, ಬರೀ ಹೆಸರನ್ನು ಹೇಳಿದರು, ಒಮ್ಮೆ, ಪಕ್ಕದವರಿಗೆ ಕೇಳುವಷ್ಟು. ಮಾಸ್ತರರು ಸಾಯುವವರೆಗೂ ನಾಲ್ಕು ಸಾಲಿನ ಪೂರ್ತಿ ಒಡಪಿತ್ತು, ಎರಡನೆಯ ಪ್ರಾಸ ತಾವೇ ಕೊಟ್ಟದ್ದು ಎಂದು ವಾದಿಸಿದರು. ಮಾಮಿಯನ್ನು ಅವರ ಮುಪ್ಪಿನಲ್ಲಿ ಒಮ್ಮೆ ಕೇಳಿದೆ. "ನೀ ಅಲ್ಲೇ ನಿಂತಿದ್ದೆಲ್ಲ, ಬರಕೊಳ್ಳಲಿಲ್ಲೇನು?" ಎಂದು ನಕ್ಕರು. ಮತ್ತೆ ಕೇಳಿದೆ. "ನನಗ ಹೇಳಿದ್ದು ಅದು, ನಿನಗಲ್ಲ" ಎಂದು ಎದ್ದು ಒಳಗೆ ಹೋದರು.

ಅಜ್ಜಿ ಹೊಸ್ತಿಲು ಬಿಟ್ಟು ಎದ್ದದ್ದು ಮಾತ್ರ ಖರೆ. ಮಾಮಾ ಬಲಗಾಲಿಟ್ಟು ಒಳಗೆ ನಡೆದರು. ಕೊಟ್ಟಿಗೆಯ ಬಾಗಿಲು ಎತ್ತರವಾಗಿತ್ತು, ಎತ್ತುಗಳು ಹಾಯುವ ಬಾಗಿಲು. ಮುಂಬಾಗಿಲಿನ ಮೇಲ್ಪಟ್ಟಿ ತಗ್ಗಿನದು; ಅಳಿಯನಾಗಿ ಇಪ್ಪತ್ತು ವರ್ಷ ಕಳೆದರೂ ಅದು ಅವರಿಗೆ ಗೊತ್ತಿರಲಿಲ್ಲ. ರುಮಾಲಿನ ಕೆಳಗೆ, ಸರಿಯಾಗಿ ಹಣೆಯ ನಡುವೆ ಬಡಿಯಿತು. ಆ ಸಪ್ಪಳಕ್ಕೆ ವಾದ್ಯ ನಿಂತಿತು.

"ಅಯ್ಯ, ಬಗ್ಗಬೇಕ್ರಿ!" ಎಂದರು ಮಾಮಿ. ಜನರ ನಡುವೆಯೇ ಬಂದು ಹಣೆ ಮುಟ್ಟಿ ನೋಡಿದರು. ದಿನಚರಿಯ ಆ ದಿನದ ಕೊನೆಯ ಸಾಲು: "ಮಾಮಾ ಅವರಿಗೆ ಅರಿಷಿಣ ಹಚ್ಚಿದರು."

ಮುಂದೆ ಕೆಲವೇ ದಿನಗಳಲ್ಲಿ ಅವರು ಮುಂಬಯಿಗೆ ಹೋದರು. ಹೊಸ ಸದಸ್ಯರು ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ನನ್ನ ಮೇಜಿನ ಎದುರಿಗೆ ತೂಗುತ್ತಿದೆ. ಎರಡನೆಯ ಸಾಲಿನಲ್ಲಿ ಮಾಮಾ. ಅವರು ರುಮಾಲನ್ನು ಯಾವಾಗಲೂ ಹಣೆ ತೆರೆದು ಸುತ್ತುತ್ತಿದ್ದವರು. ಆ ಫೋಟೊದಲ್ಲಿ ಮಾತ್ರ ಅದು ಹುಬ್ಬಿನ ತನಕ ಇಳಿದಿದೆ. ನನ್ನ ದಿನಚರಿಯನ್ನು ಬಿಟ್ಟರೆ ಈ ಇಡೀ ಕತೆಗೆ ನನ್ನ ಬಳಿ ಬೇರೆ ಸಾಕ್ಷಿಯಿಲ್ಲ.